ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್: ಆಪರೇಷನ್‌ಗೆ ಮುಂಚೆ ಆಗಬೇಕಾದ್ದು

ಹದಿಹರೆಯದ ಮಗನ ರಿಪೋರ್ಟನ್ನು ಊರಿಂದ ಕಳಿಸಿ, 'ಥೈರಾಯ್ಡ್ ಕ್ಯಾನ್ಸರ್ ಅಂತೆ, ಅಯೋಡಿನ್ ಕೊಟ್ಟರೆ ಹೋಗುತ್ತಂತಲ್ಲ?' ಎಂದು ಕೇಳಿದರೆ, ಇಲ್ಲಿಂದ ನಾವು ತಿರುಗಿ ಕೇಳುವುದು ಒಂದೇ: ಯಾವ ಬಗೆಯದು? ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಪ್ಯಾಪಿಲರಿ. ಅಪರೂಪದ ಮೆಡ್ಯುಲರಿ ಹುಟ್ಟುವುದು ಥೈರಾಯ್ಡ್‌ನಲ್ಲೇ ಇರುವ ಸಿ-ಕೋಶಗಳೆಂಬ ಬೇರೆ ಬಗೆಯ ಕೋಶಗಳಿಂದ. ಅವು ಅಯೋಡಿನ್ ಹೀರುವುದೇ ಇಲ್ಲ. ರೇಡಿಯೋ ಅಯೋಡಿನ್ ಇಲ್ಲಿ ದಂಡ. ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ನಾರ್ಮಲ್ ಇದೆ ಎಂಬ ಸಮಾಧಾನಕ್ಕೂ ಅರ್ಥವಿಲ್ಲ.

ಸಿ-ಕೋಶಗಳು ಸುರಿಸುವುದು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನ್. ರಕ್ತದಲ್ಲಿ ಅದನ್ನೂ, ಈ ಗಡ್ಡೆಯ ಇನ್ನೊಂದು ಗುರುತಾದ ಸಿಇಎ ಎಂಬ ಪ್ರೋಟೀನನ್ನೂ ಅಳೆಯಬೇಕು. ಗಂಟಿನಿಂದ ಕೋಶ ತೆಗೆದು ನೋಡುವ ಸೂಜಿ ಪರೀಕ್ಷೆ ಕೆಲವೊಮ್ಮೆ ಈ ಬಗೆಯನ್ನು ಗುರುತಿಸುವುದಿಲ್ಲ. ಅನುಮಾನವಿದ್ದರೆ ಸೂಜಿ ತೊಳೆದ ನೀರಿನಲ್ಲೂ ಕ್ಯಾಲ್ಸಿಟೋನಿನ್ ನೋಡಿಸಿ. ರಕ್ತದ ಕ್ಯಾಲ್ಸಿಟೋನಿನ್ ಮಿಲಿಲೀಟರಿಗೆ 500 ಪಿಕೋಗ್ರಾಂ ದಾಟಿದರೆ, ಕ್ಯಾನ್ಸರ್ ಹರಡಿದೆಯೇ ಎಂದು ನೋಡಲು ಶ್ವಾಸಕೋಶ, ಲಿವರ್‌ಗಳ ಸ್ಕ್ಯಾನ್ ಬೇಕು.

ಮಕ್ಕಳಲ್ಲಿ ಇದು ಬಹುಪಾಲು ಆರ್‌ಇಟಿ ಜೀನ್‌ನ ದೋಷದಿಂದ ಬರುತ್ತದೆ. ತಂದೆ-ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ 50 ಪ್ರತಿಶತ ಸಾಧ್ಯತೆ. 'ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ' ಎನ್ನುವಂತಿಲ್ಲ: ಈ ಜೀನ್ ದೋಷದಿಂದ ಹಲವು ಗ್ರಂಥಿಗಳಲ್ಲಿ ಗಡ್ಡೆ ಬೆಳೆಯುವ ಎಂಇಎನ್ 2ಬಿ ಎಂಬ ಬಗೆಯಲ್ಲಿ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟುವುದೇ ಹೆಚ್ಚು. ನಾಲಗೆ ತುದಿಯ ಸಣ್ಣ ಗುಳ್ಳೆ, ದಪ್ಪ ತುಟಿ, ಶೈಶವದಲ್ಲಿ ಅತ್ತರೂ ಬಾರದ ಕಣ್ಣೀರು, ವರ್ಷಗಟ್ಟಲೆ ಮಲಬದ್ಧತೆ ಇದರ ಸುಳಿವು. ಗಂಟು ಕಾಣುವ ಮೊದಲೇ ಇವೆಲ್ಲ ಕಣ್ಣೆದುರಿಗಿರುತ್ತವೆ, ಯಾರೂ ಜೋಡಿಸಿ ನೋಡುವುದಿಲ್ಲ.

ಎಲ್ಲಕ್ಕಿಂತ ಅಪಾಯದ ಮರೆವು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯದು. ಅದೇ ಜೀನ್ ಅಲ್ಲಿ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆ ಬೆಳೆಸಬಲ್ಲದು. ಪತ್ತೆಯಾಗದೆ ಅರಿವಳಿಕೆ ಕೊಟ್ಟರೆ ಟೇಬಲ್ ಮೇಲೆಯೇ ಬಿಪಿ ಜೀವಕ್ಕೆ ಎರವಾಗುವಷ್ಟು ಏರಬಹುದು. ರಕ್ತದ ಅಥವಾ 24 ಗಂಟೆ ಮೂತ್ರದ ಮೆಟಾನೆಫ್ರಿನ್ ಪರೀಕ್ಷೆ (ಈ ಗಡ್ಡೆಯನ್ನು ಪತ್ತೆ ಹಚ್ಚುವಂಥದ್ದು) ಮುಗಿಯದೆ ಕುತ್ತಿಗೆಗೆ ಕತ್ತಿ ಬೇಡ. ಗಡ್ಡೆ ಇದ್ದರೆ ಬಿಪಿ ಹತೋಟಿಗೆ ತರುವ ಆಲ್ಫಾ ಬ್ಲಾಕರ್ ಔಷಧ ಕೊಟ್ಟು ಅದನ್ನೇ ಮೊದಲು ತೆಗೆಯಬೇಕು.

ಆಮೇಲೆ ಇಡೀ ಥೈರಾಯ್ಡ್, ಜೊತೆಗೆ ಸಾಮಾನ್ಯವಾಗಿ ಕುತ್ತಿಗೆಯ ನಡುಭಾಗದ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುತ್ತಾರೆ. ಮಕ್ಕಳ ಥೈರಾಯ್ಡ್ ಆಪರೇಷನ್‌ಗಳನ್ನು ಹೆಚ್ಚಾಗಿ ಮಾಡುವ ಸರ್ಜನ್ ಸಿಕ್ಕರೆ ದೂರ ಲೆಕ್ಕಿಸಬೇಡಿ. ಧ್ವನಿಯ ನರಕ್ಕೋ, ಕ್ಯಾಲ್ಸಿಯಂ ಮಟ್ಟ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೋ ಪೆಟ್ಟಾಗುವುದು ಇಲ್ಲೇ. ಬಾಯಿ ಸುತ್ತ, ಬೆರಳ ತುದಿಯಲ್ಲಿ ಜೋಮು ಹಿಡಿದರೆ ಕ್ಯಾಲ್ಸಿಯಂ ಇಳಿದಿದೆ ಎಂದೇ ತಿಳಿಯಿರಿ. ಕ್ಯಾಲ್ಸಿಯಂ ಮಾತ್ರೆಯನ್ನು ಥೈರಾಕ್ಸಿನ್ (ತೆಗೆದ ಥೈರಾಯ್ಡ್‌ನ ಬದಲಿಗೆ ಕೊಡುವ ಹಾರ್ಮೋನ್ ಮಾತ್ರೆ) ಜೊತೆ ನುಂಗಿಸಬಾರದು, 4 ಗಂಟೆ ಅಂತರವಿರಲಿ. ಇಲ್ಲದಿದ್ದರೆ ಥೈರಾಕ್ಸಿನ್ ಮೈಗೆ ಹತ್ತುವುದಿಲ್ಲ. ಟಿಎಸ್‌ಎಚ್ ಅನ್ನು ಪ್ಯಾಪಿಲರಿಯಲ್ಲಿ ಮಾಡುವಂತೆ ತಗ್ಗಿಸಿ ಫಲವಿಲ್ಲ, ನಾರ್ಮಲ್ ಇದ್ದರೆ ಸಾಕು.

ಮೂರು ತಿಂಗಳಿಗೆ ಮತ್ತೆ ಕ್ಯಾಲ್ಸಿಟೋನಿನ್ ಪರೀಕ್ಷೆ. ಒಂದೇ ಅಂಕಿಗಿಂತ ಅದು ಎಷ್ಟು ಬೇಗ ಇಮ್ಮಡಿಯಾಗುತ್ತದೆ ಎಂಬುದು ಮುಖ್ಯ: ಆರು ತಿಂಗಳೊಳಗಾದರೆ ಚಿಂತೆ, ಎರಡು ವರ್ಷ ದಾಟಿದರೆ ನಿರಾಳ. ಹರಡಿದ್ದರೆ ಆರ್‌ಇಟಿಯನ್ನೇ ತಡೆಯುವ ಸೆಲ್ಪರ್ಕಾಟಿನಿಬ್ ಎಂಬ ಔಷಧ ಇದೆ. 2020ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ 12 ವರ್ಷದಿಂದ ಮೇಲಿನವರಿಗೆ ಒಪ್ಪಿಗೆ ಕೊಟ್ಟಿತು.