ದಿನವೆಲ್ಲ ಗಾಡಿ ಓಡಿಸೋದೇ ಆಗಲ್ವಾ?

ಆರ್‌ವಿಯಲ್ಲಿ, ಅಂದರೆ ಮಲಗೋಕೆ, ಅಡುಗೆ ಮಾಡೋಕೆ ಜಾಗವಿರುವ ಗಾಡಿಯಲ್ಲಿ, ಅಲಾಸ್ಕಾ ಸುತ್ತಿ ಬಂದೆವು ಅಂದ ಕೂಡಲೇ ನೆಂಟರು, ಸ್ನೇಹಿತರು ಎಲ್ಲರೂ ಕೇಳುವುದು ಇದನ್ನೇ: "ಅಷ್ಟು ದೊಡ್ಡ ಗಾಡಿ, ಅಷ್ಟು ದೂರದ ದಾರಿ. ದಿನವೆಲ್ಲ ಓಡಿಸೋದೇ ಆಗಲ್ವಾ? ಬೆಟ್ಟ ಹತ್ತೋಕೆ ಟೈಮ್ ಎಲ್ಲಿ ಸಿಗುತ್ತೆ?"

ಸಿಗುತ್ತದೆ. ಜೂನ್ ಕೊನೆಯಲ್ಲಿ ಅಲ್ಲಿ ದಿನಕ್ಕೆ ಸುಮಾರು 19 ಗಂಟೆ ಬೆಳಕಿರುತ್ತದೆ. ಸೂರ್ಯ ಮುಳುಗುವುದೇ ರಾತ್ರಿ 11 ದಾಟಿದ ಮೇಲೆ. ಆದರೆ ನನ್ನ ಉತ್ತರ ಇಷ್ಟೇ ಅಲ್ಲ. ಅಲಾಸ್ಕಾದ ದೊಡ್ಡ ಊರು ಆಂಕರೇಜ್‌ನಿಂದ ಸಮುದ್ರ ತೀರದ ಸೀವರ್ಡ್‌ಗೆ ಹೋಗುವ ದಿನವನ್ನೇ ತೆಗೆದುಕೊಳ್ಳಿ. ಹಿಮನದಿಗಳು, ಅಂದರೆ ನಿಧಾನವಾಗಿ ಜರುಗುವ ಮಂಜುಗಡ್ಡೆಯ ರಾಶಿಗಳು, ಈ ನೆಲವನ್ನು ಏನು ಮಾಡಿದವು ಅನ್ನುವುದು ರಸ್ತೆಯುದ್ದಕ್ಕೂ ಕಾಣುತ್ತದೆ. ಆ ಹಿಮನದಿಯನ್ನೇ ಹತ್ತಿರದಿಂದ ನೋಡಬೇಕೆಂದರೆ ಗಾಡಿ ನಿಲ್ಲಿಸಿ ನಡೆಯಬೇಕು. ಎರಡೂ ಸೇರಿದರೇ ಆ ದಿನ ಪೂರ್ತಿಯಾಗುವುದು.

ದೂರ ಸುಮಾರು 200 ಕಿ.ಮೀ. ಅಷ್ಟೇ. ನಿಲ್ಲದೆ ಓಡಿಸಿದರೆ ಎರಡೂವರೆ ಗಂಟೆಯ ದಾರಿ. ಹಾಗೆ ಮಾತ್ರ ಮಾಡಬೇಡಿ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದವರೆಗೆ ಟೈಮ್ ಕೊಡಿ. ಊರು ದಾಟಿದ ಕೂಡಲೇ ಎಡಕ್ಕೆ ಚುಗಾಚ್ ಬೆಟ್ಟಗಳು, ಬಲಕ್ಕೆ ಟರ್ನಗೇನ್ ಆರ್ಮ್. ಸಮುದ್ರವೇ ಬೆಟ್ಟಗಳ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ಜಾಗ ಅದು. ಮಧ್ಯೆ ಉಳಿದ ಇಕ್ಕಟ್ಟಿನಲ್ಲಿ ರಸ್ತೆ, ಪಕ್ಕದಲ್ಲೇ ರೈಲು ಹಳಿ. ಆ ಕಣಿವೆಯನ್ನು ಕೊರೆದದ್ದು ಹಿಮನದಿಗಳು. ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ 9 ಮೀಟರಿಗೂ ಜಾಸ್ತಿ ವ್ಯತ್ಯಾಸ ಬರುವುದುಂಟು. ನೀರು ಇಳಿದಾಗ ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಕೆಸರು. ಹಿಮನದಿಗಳು ಬಂಡೆಗಳನ್ನು ಅರೆದು ಮಾಡಿದ ಪುಡಿ ಅದು. ನೋಡೋಕೆ ಗಟ್ಟಿ ನೆಲ. ಕಾಲಿಟ್ಟರೆ ಹೂತುಕೊಳ್ಳುತ್ತದೆ, ಉಬ್ಬರ ಬೇಗ ಏರುತ್ತದೆ. ಮಕ್ಕಳನ್ನು ಇಳಿಯಲು ಬಿಡಲೇಬೇಡಿ.

ಬೆಲುಗಾ ಪಾಯಿಂಟ್‌ನಲ್ಲಿ ನಿಲ್ಲಿಸಿ. ಬೇಸಿಗೆಯ ಕೊನೆಗೆ ಸಾಲ್ಮನ್ ಮೀನಿನ ಹಿಂದೆ ಬರುವ ಬಿಳಿ ತಿಮಿಂಗಿಲಗಳು ಕಾಣಿಸಬಹುದು. ಪೋರ್ಟೇಜ್ ಹತ್ತಿರ ನೀರಿನ ಅಂಚಿನಲ್ಲಿ ಸತ್ತ ಮರಗಳು ಇನ್ನೂ ನಿಂತಿವೆ. 1964ರ ಮಾರ್ಚ್ 27ರಂದು 9.2 ತೀವ್ರತೆಯ ಭೂಕಂಪವಾದಾಗ ಇಲ್ಲಿನ ನೆಲ ಎರಡು ಮೀಟರಿನಷ್ಟು ಕುಸಿಯಿತು. ಬೇರಿಗೆ ಉಪ್ಪು ನೀರು ನುಗ್ಗಿ ಕಾಡು ಸತ್ತಿತು. ಅಲ್ಲೇ ಒಳಗೆ ಹಿಮನದಿ ನೋಡಲೆಂದು 1986ರಲ್ಲಿ ಒಂದು ವಿಸಿಟರ್ ಸೆಂಟರ್ ಕಟ್ಟಿದರು. ಈಗ ಅದರ ಕಿಟಕಿಯಿಂದ ಕೆರೆ ಕಾಣುತ್ತದೆ, ಪೋರ್ಟೇಜ್ ಹಿಮನದಿ ಕಾಣುವುದಿಲ್ಲ. ಅದು ಹಿಂದೆ ಸರಿದು ತಿರುವಿನಾಚೆ ಹೋಗಿದೆ.

ದೊಡ್ಡ ಗಾಡಿಯ ಬಗ್ಗೆ ಒಂದು ಮಾತು. ನಿಮ್ಮ ಹಿಂದೆ ಐದು ವಾಹನ ಸೇರಿಕೊಂಡರೆ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡಬೇಕು. ಅಲಾಸ್ಕಾದಲ್ಲಿ ಅದು ಕಾನೂನು. ನನಗಂತೂ ಈ ಕಾನೂನು ತುಂಬಾ ಇಷ್ಟ. ನಿಧಾನವಾಗಿ ಹೋಗುವವರೂ ನೆಮ್ಮದಿಯಾಗಿ ಓಡಿಸಬಹುದು, ನಿಲ್ಲಿಸಿದ ಕಡೆ ನೋಡೋಕೆ ಏನಾದರೂ ಇದ್ದೇ ಇರುತ್ತದೆ. ಊಟಕ್ಕೆ ಹೋಟೆಲ್ ಹುಡುಕುವ ಕೆಲಸವೂ ಇಲ್ಲ. ಕೀನೈ ಕೆರೆಯ ಹಸಿರು ನೀಲಿ ನೀರಿನ ಎದುರು ಗಾಡಿ ನಿಲ್ಲಿಸಿ, ಅಲ್ಲೇ ಒಲೆ ಹಚ್ಚಿ ಚಿತ್ರಾನ್ನ ಕಲಸಿಕೊಂಡು ತಿನ್ನಬಹುದು.

ಸೀವರ್ಡ್‌ಗೆ ಸ್ವಲ್ಪ ಮೊದಲು ಬಲಕ್ಕೆ ತಿರುಗಿದರೆ ಎಕ್ಸಿಟ್ ಹಿಮನದಿಯ ದಾರಿ. 1980ರಲ್ಲಿ ಆದ ಕೀನೈ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ರಸ್ತೆಯಲ್ಲಿ ಮುಟ್ಟಬಹುದಾದ ಭಾಗ ಇದೊಂದೇ. ದಾರಿಯ ಬದಿಯಲ್ಲಿ ಇಸವಿ ಬರೆದ ಫಲಕಗಳು ಶುರುವಾಗುತ್ತವೆ. ಆ ವರ್ಷ ಹಿಮನದಿಯ ತುದಿ ಅಲ್ಲಿತ್ತು ಅಂತ ಅರ್ಥ. ಗಾಡಿ ನಿಲ್ಲಿಸಿ ಕಾಲ್ದಾರಿ ಹಿಡಿದರೂ ಫಲಕಗಳು ಮುಗಿಯುವುದಿಲ್ಲ: 1917, 1926, 1951, ಆಮೇಲೆ 2010. ಇವು ಗಾಡಿಯೊಳಗಿಂದ ನೋಡಿ ಮುಗಿಸುವ ಸಂಗತಿಗಳಲ್ಲ. 1951ರಿಂದ 2010ಕ್ಕೆ ನಿಮ್ಮ ಕಾಲಲ್ಲೇ ನಡೆದಾಗ, ನನ್ನ ಅಪ್ಪನ ಕಾಲದಲ್ಲಿ ಇಲ್ಲೆಲ್ಲ ಮಂಜುಗಡ್ಡೆ ಇತ್ತಲ್ಲ ಅಂತ ಮೈ ಜುಮ್ಮೆನ್ನುತ್ತದೆ. ಈಗ ಅಲ್ಲಿ ಆಲ್ಡರ್ ಪೊದೆ, ಕಾಟನ್‌ವುಡ್ ಮರ ಬೆಳೆದಿವೆ. 2010ರ ಫಲಕದ ಹತ್ತಿರ ನಿಂತು ನೋಡಿದರೆ ಹಿಮನದಿ ಅಲ್ಲಿಂದಲೂ ದೂರ ಹೋಗಿಬಿಟ್ಟಿದೆ. ನನಗೆ ಸಂಕಟವಾಗುತ್ತದೆ. ಆದರೂ ಎಲ್ಲರೂ ಹೋಗಿ ನೋಡಲೇಬೇಕು ಅನ್ನುತ್ತೇನೆ.

ಕಾಲಿನಲ್ಲಿ ಶಕ್ತಿ ಇದ್ದವರಿಗೆ ಹಾರ್ಡಿಂಗ್ ಐಸ್‌ಫೀಲ್ಡ್ ಟ್ರೇಲ್ ಇದೆ, ಮೇಲಿನ ದೊಡ್ಡ ಮಂಜುಗಡ್ಡೆ ಬಯಲು ನೋಡಲು ಹತ್ತುವ ಕಾಲ್ದಾರಿ. ಹೋಗಿ ಬರಲು 13 ಕಿ.ಮೀ., ಸಾವಿರ ಮೀಟರಿಗಿಂತ ಜಾಸ್ತಿ ಏರಿಕೆ, ಆರರಿಂದ ಎಂಟು ಗಂಟೆ ಬೇಕು. ಅದಕ್ಕೆ ಮಾರನೆಯ ದಿನ ಪೂರ್ತಿ ಇಟ್ಟುಕೊಳ್ಳುವುದೇ ಒಳ್ಳೆಯದು. ಮೊದಲ ದಿನ ಸಂಜೆ ಅದೇ ದಾರಿಯ ಮಧ್ಯದ ಹುಲ್ಲುಗಾವಲು ಮಾರ್ಮಟ್ ಮೆಡೋಸ್‌ವರೆಗೆ ಹತ್ತಿ ಇಳಿಯಬಹುದು, ಬೆಳಕು ಹೇಗೂ ಇರುತ್ತದೆ. ಕಪ್ಪು ಕರಡಿಗಳಿರುವ ಜಾಗ. ಕರಡಿ ಓಡಿಸುವ ಸ್ಪ್ರೇ ಕೈಗೆ ಸಿಗುವ ಹಾಗಿರಲಿ, ಜೋರಾಗಿ ಮಾತಾಡುತ್ತಾ ನಡೆಯಿರಿ. ತುದಿ ಮುಟ್ಟಿದರೆ ಎದುರಿಗೆ ಸುಮಾರು 1,800 ಚದರ ಕಿ.ಮೀ. ಮಂಜುಗಡ್ಡೆ. ಹಳೆಯ ಬಿಬಿಎಂಪಿ ವ್ಯಾಪ್ತಿಯ ಎರಡು ಪಟ್ಟಿಗೂ ಜಾಸ್ತಿ. ಬೆಟ್ಟಗಳ ತುದಿ ಮಾತ್ರ ಅಲ್ಲಲ್ಲಿ ಹೊರಗೆ ಕಾಣುತ್ತದೆ. ಹಿಂದಿನ ದಿನ ರಸ್ತೆಯಿಂದ ನೋಡಿದ ಕಣಿವೆಯೂ ಒಂದು ಕಾಲಕ್ಕೆ ಹೀಗೇ ತುಂಬಿತ್ತು ಅನ್ನುವುದು ಇಲ್ಲಿ ನಿಂತಾಗ ಸರಿಯಾಗಿ ಅರ್ಥವಾಗುತ್ತದೆ.

"ಅಪ್ಪ ಅಮ್ಮ ಬಂದಿದ್ದಾರೆ, ಅವರಿಂದ ಆಗುತ್ತಾ?" ಅಂತಲೂ ಕೇಳುತ್ತಾರೆ. ಆಗುತ್ತದೆ. ಕೆಳಗಿನ ಗ್ಲೇಸಿಯರ್ ವ್ಯೂ ದಾರಿ ಸುಮಾರು ಒಂದೂವರೆ ಕಿ.ಮೀ. ಸುತ್ತು, ಗಾಲಿಕುರ್ಚಿಯೂ ಹೋಗುತ್ತದೆ. ಜೂನ್‌ನಲ್ಲೂ ಹಿಮನದಿ ಕಡೆಯಿಂದ ಚಳಿಗಾಳಿ ಬೀಸುತ್ತದೆ. ಅವರಿಗೆ ಸ್ವೆಟರ್, ಟೋಪಿ ತೆಗೆದುಕೊಂಡು ಹೋಗಿ.