ಕ್ಲಿಪ್ ತೆಗೆದ್ಮೇಲೆ ಬುದ್ಧಿ ಹಲ್ಲು ಕೀಳಿಸಲೇಬೇಕಾ?

ಮನೇಲಿ ಯಾರಿಗಾದ್ರೂ ಹಲ್ಲಿಗೆ ಕ್ಲಿಪ್ ಹಾಕಿಸಿದ್ರೆ ಈ ಮಾತು ಒಂದಲ್ಲ ಒಂದಿನ ಬಂದೇ ಬರುತ್ತೆ. "ಬುದ್ಧಿ ಹಲ್ಲು ಬರೋಕೆ ಮುಂಚೆ ಕೀಳಿಸ್ಬಿಡಿ, ಇಲ್ಲಾಂದ್ರೆ ಅದು ಹಿಂದಿನಿಂದ ತಳ್ಳಿ ಮುಂದಿನ ಹಲ್ಲೆಲ್ಲ ಮತ್ತೆ ಸೊಟ್ಟ ಆಗುತ್ತೆ, ಅಷ್ಟು ಖರ್ಚು ಮಾಡಿದ್ದೆಲ್ಲ ದಂಡ." ನಮ್ಮ ಅಕ್ಕನ ಮಗಳಿಗೂ ಇದನ್ನೇ ಹೇಳಿದ್ರು. ಅವಳಿಗೆ ನೋವಿಲ್ಲ, ಊತ ಇಲ್ಲ, ಆದ್ರೂ ಆಪರೇಷನ್ ಡೇಟ್ ಫಿಕ್ಸ್ ಮಾಡೋ ಮಾತಾಡ್ತಿದ್ರು, ನಾನು ಬೇಡ ತಡೀರಿ ಅಂದೆ.

ಯಾಕಂದ್ರೆ ಈ ತಳ್ಳೋ ಕಥೆಯನ್ನ ಪರೀಕ್ಷೆ ಮಾಡಿ ನೋಡಿದಾರೆ. ಬ್ರಿಟನ್ನಿನಲ್ಲಿ ಕ್ಲಿಪ್ ಟ್ರೀಟ್‌ಮೆಂಟ್ ಮುಗಿಸಿದ 164 ಜನರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ಬುದ್ಧಿ ಹಲ್ಲು ತೆಗೆದು ಇನ್ನೊಂದಕ್ಕೆ ಹಾಗೇ ಬಿಟ್ರು, ಸರಾಸರಿ 66 ತಿಂಗಳಾದ್ಮೇಲೆ ವಾಪಸ್ ಬಂದಿದ್ದು 77 ಜನ ಮಾತ್ರ, ಅವರ ಹಲ್ಲು ಅಳೆದು ನೋಡಿದ್ರೆ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಇಲ್ಲ. ಮುಂದಿನ ಹಲ್ಲು ಒತ್ತೊತ್ತಾಗೋದನ್ನ ತಪ್ಪಿಸೋಕೆ ಅಂತಲೇ ಬುದ್ಧಿ ಹಲ್ಲು ತೆಗೆಯೋದು ಸರಿಯಲ್ಲ ಅಂತ ಈ ಪರೀಕ್ಷೆ ಮಾಡಿದೋರು 1998ರಲ್ಲಿ ಬರೆದ್ರು. ಇನ್ನೂ ಒಂದಿದೆ, ಹುಟ್ಟಿನಿಂದ ಬುದ್ಧಿ ಹಲ್ಲೇ ಇಲ್ಲದೋರಿಗೂ ಕೆಳಗಿನ ಮುಂದಿನ ಹಲ್ಲು ವಯಸ್ಸಾಗ್ತಾ ಒತ್ತೊತ್ತಾಗುತ್ತೆ.

ಹಾಗಾದ್ರೆ ಈ ನಂಬಿಕೆ ಎಲ್ಲಿಂದ ಬಂತು? ಬುದ್ಧಿ ಹಲ್ಲು ಸಾಮಾನ್ಯವಾಗಿ 17ರಿಂದ 25 ವಯಸ್ಸಲ್ಲಿ ಬರುತ್ತೆ, ಕೆಳಗಿನ ಹಲ್ಲು ಸರಿಯೋಕೆ ಶುರುವಾಗೋದೂ ಹೆಚ್ಚುಕಡಿಮೆ ಅದೇ ಸಮಯ, ಕಾಗೆ ಕೂತಿದ್ದಕ್ಕೂ ಟೊಂಗೆ ಮುರಿದಿದ್ದಕ್ಕೂ ಸರಿಹೋಯ್ತು. ನಿಜವಾಗಿ ದವಡೆ ಆ ವಯಸ್ಸಲ್ಲೂ ಸ್ವಲ್ಪ ಸ್ವಲ್ಪ ಬೆಳೀತಾನೇ ಇರುತ್ತೆ, ಹಲ್ಲುಗಳಿಗೆ ಮುಂದಕ್ಕೆ ಸರಿಯೋ ಸ್ವಭಾವ ಇದೆ, ಜೊತೆಗೆ ಕ್ಲಿಪ್ ಹಾಕಿ ತಿರುಗಿಸಿದ ಹಲ್ಲನ್ನ ವಸಡಿನೊಳಗಿನ ನಾರುಗಳು ಹಳೇ ಜಾಗಕ್ಕೆ ಎಳೀತಾವೆ.

ಇದನ್ನ ತಡೆಯೋದು ರಿಟೈನರ್, ಅಂದ್ರೆ ಕ್ಲಿಪ್ ತೆಗೆದ್ಮೇಲೆ ಹಲ್ಲನ್ನ ಅದೇ ಜಾಗದಲ್ಲಿ ಹಿಡಿದಿಡೋ ಸಾಧನ. ಅಕ್ಕನ ಮಗಳಿಗೆ ಕೆಳಗಿನ ಮುಂದಿನ ಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸಿದಾರೆ, ನಾಲಿಗೆ ಆಡಿಸಿದ್ರೆ ಸಿಗುತ್ತೆ, ಅದರ ಕೆಳಗೆ ಪಾಚಿ ಕಟ್ಟದ ಹಾಗೆ ಪ್ಲಾಸ್ಟಿಕ್ ಸೂಜಿ ಥರದ್ದರಲ್ಲಿ ಫ್ಲಾಸ್ ದಾರ ತೂರಿಸಿ ಕ್ಲೀನ್ ಮಾಡ್ತಾಳೆ. ಮೇಲಿನ ಹಲ್ಲಿಗೆ ರಾತ್ರಿ ಹಾಕೋ ಪ್ಲಾಸ್ಟಿಕ್ಕಿಂದು, ಅದನ್ನ ಬಿಸಿನೀರಲ್ಲಿ ತೊಳೀಬಾರದು, ಶೇಪ್ ಕೆಡುತ್ತೆ. ಟೈಟ್ ಆಗಿ ಕೂತ್ರೆ ಹಲ್ಲು ಸರಿಯೋಕೆ ಶುರುವಾಗಿದೆ ಅಂತ ಅರ್ಥ, ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕು.

ಇಷ್ಟಂದ್ಮೇಲೆ ಬುದ್ಧಿ ಹಲ್ಲು ಕೀಳಿಸೋದೇ ಬೇಡ ಅಂತಲ್ಲ. ಅರ್ಧ ಬಂದು ನಿಂತು ವಸಡಿನ ಮುಚ್ಚಳದ ಕೆಳಗೆ ಊಟ ಸೇರಿ ಪದೇ ಪದೇ ಕೀವಾಗೋದು, ಬಾಯಿ ತೆಗೆಯೋಕಾಗದೆ ಇರೋದು, ಅಡ್ಡ ಮಲಗಿ ಪಕ್ಕದ ದವಡೆ ಹಲ್ಲಿಗೆ ಹುಳುಕು ಹತ್ತಿಸೋದು, ಗಡ್ಡೆ ಬೆಳೆಯೋದು, ಇವಕ್ಕೆಲ್ಲ ತೆಗೀಲೇಬೇಕು. ಕ್ಲಿಪ್ ಹಾಕುವಾಗ ದವಡೆ ಹಲ್ಲನ್ನೇ ಹಿಂದಕ್ಕೆ ಸರಿಸೋ ಪ್ಲಾನ್ ಇದ್ರೆ, ಇಲ್ಲಾ ದವಡೆ ಮೂಳೆ ಕತ್ತರಿಸಿ ಸರಿಮಾಡೋ ಆಪರೇಷನ್ ಇದ್ರೆ ಮೊದಲೇ ತೆಗೀಬಹುದು. ಆದ್ರೆ ಕೆಳಗಿನ ಬುದ್ಧಿ ಹಲ್ಲಿನ ಬೇರು ತುಟಿಗೆ ಸ್ಪರ್ಶ ಕೊಡೋ ನರದ ಹತ್ರ ಇರುತ್ತೆ, ಅದಕ್ಕೆ ಪೆಟ್ಟಾದ್ರೆ ತುಟಿ, ಗದ್ದ ಜೋಮು ಹಿಡಿಯುತ್ತೆ, ಕೆಲವರಿಗೆ ಅದು ಹೋಗೋದೇ ಇಲ್ಲ. ರೋಗವೇ ಇಲ್ಲದ, ಒಳಗೆ ಸಿಕ್ಕಿಹಾಕಿಕೊಂಡಿರೋ ಬುದ್ಧಿ ಹಲ್ಲನ್ನ ಮುಂಜಾಗ್ರತೆಗೆ ಅಂತ ಕೀಳೋದನ್ನ ನಿಲ್ಲಿಸಿ ಅಂತ ಯಾವ ಚಿಕಿತ್ಸೆ ಕೊಡಬೇಕು ಅಂತ ಸರ್ಕಾರಿ ಆಸ್ಪತ್ರೆಗಳಿಗೆ ಸಲಹೆ ಕೊಡೋ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2000ದಲ್ಲೇ ಹೇಳಿತ್ತು.

ಯಾರಾದ್ರೂ ಕೀಳಿಸಿ ಅಂದ್ರೆ ಓಪಿಜಿ ಎಕ್ಸ್-ರೇ (ಎರಡೂ ದವಡೆಯ ಎಲ್ಲಾ ಹಲ್ಲು ಒಂದೇ ಚಿತ್ರದಲ್ಲಿ ಕಾಣೋದು) ಮುಂದೆ ಇಟ್ಟುಕೊಂಡು ಕೇಳಿ: ಈ ಹಲ್ಲಿಗೆ ಈಗ ಏನಾಗಿದೆ, ನರ ಎಷ್ಟು ಹತ್ರ ಇದೆ, ಬಿಟ್ರೆ ಮತ್ತೆ ಯಾವಾಗ ಚೆಕ್ ಮಾಡಿಸಬೇಕು. "ಮುಂದಿನ ಹಲ್ಲು ಸೊಟ್ಟ ಆಗುತ್ತೆ" ಅನ್ನೋದೊಂದೇ ಉತ್ತರ ಬಂದ್ರೆ ಇನ್ನೊಬ್ಬ ಡಾಕ್ಟರ್ ಹತ್ರ ತೋರಿಸಿ.