ಒಂದು ಘಟನೆ, ಮೂರು ದಾರಿ: ಚೆರ್ನೋಬಿಲ್ ಮುಗಿಯುತ್ತಾ ಬಂತು

ಒಂದೇ ಘಟನೆಯನ್ನು ಟಿವಿಯಲ್ಲಿ ನೋಡುವುದು, ಪುಸ್ತಕದಲ್ಲಿ ಓದುವುದು, ಆಮೇಲೆ ಅದರ ಇವತ್ತಿನ ಸುದ್ದಿ ಹುಡುಕುವುದು. ಈ ಹವ್ಯಾಸದಲ್ಲಿ ಸದ್ಯ ಚೆರ್ನೋಬಿಲ್ ನಡೆಯುತ್ತಿದೆ, ಸೋವಿಯತ್ ಒಕ್ಕೂಟದ ಅಣು ಸ್ಥಾವರದಲ್ಲಿ ಆದ ಅಪಘಾತ.

2019ರ ಟಿವಿ ಸರಣಿಯ ಐದೂ ಕಂತು ನೋಡಿದೆ. ತುಂಬಾ ಚೆನ್ನಾಗಿದೆ. ರಿಯಾಕ್ಟರ್ ಯಾಕೆ ಸಿಡಿಯಿತು ಅಂತ ಕೊನೆಯ ಕಂತಿನಲ್ಲಿ ಕೆಂಪು, ನೀಲಿ ಫಲಕ ಇಟ್ಟು ವಿವರಿಸುತ್ತಾರೆ, ವಿಜ್ಞಾನ ಓದದವರಿಗೂ ಅರ್ಥವಾಗುತ್ತದೆ. ಆದರೆ ಅದರಲ್ಲಿ ಬರುವ ಉಲಾನಾ ಖೊಮ್ಯುಕ್ ಕಲ್ಪಿತ ಪಾತ್ರ, ಹಲವು ವಿಜ್ಞಾನಿಗಳನ್ನು ಸೇರಿಸಿ ಮಾಡಿದ್ದು. ಸರಣಿಯೇ ಕೊನೆಯಲ್ಲಿ ಅದನ್ನು ಹೇಳುತ್ತದೆ, ಅದು ಇಷ್ಟವಾಯಿತು.

ಆಮೇಲೆ ಸ್ವೆಟ್ಲಾನಾ ಅಲೆಕ್ಸಿಯೆವಿಚ್ ಅವರ 1997ರ ಪುಸ್ತಕ. ಇಲ್ಲಿ ಯಾರೂ ಏನನ್ನೂ ಬಿಡಿಸಿ ಹೇಳುವುದಿಲ್ಲ, ಜನ ಮಾತಾಡುತ್ತಾ ಹೋಗುತ್ತಾರೆ ಅಷ್ಟೇ. ಸರಣಿಯಲ್ಲಿ ಆಸ್ಪತ್ರೆಯಲ್ಲಿ ಗಂಡನ ಪಕ್ಕ ಕೂತಿದ್ದ ಅಗ್ನಿಶಾಮಕನ ಹೆಂಡತಿ ಇಲ್ಲಿ ಶುರುವಿನಲ್ಲೇ ಬರುತ್ತಾರೆ. ಆಗಷ್ಟೇ ಮದುವೆಯಾಗಿದ್ದ ಜೋಡಿ, ಅಂಗಡಿಗೆ ಹೋದರೂ ಕೈ ಹಿಡಿದೇ ಹೋಗುತ್ತಿದ್ದರಂತೆ. ಆ ಒಂದು ಸಾಲು ಓದಿದ ಮೇಲೆ ಆಸ್ಪತ್ರೆಯ ದೃಶ್ಯ ಇನ್ನೊಂದು ಸಲ ನೋಡಲು ನನ್ನಿಂದ ಆಗಲಿಲ್ಲ.

ಸುದ್ದಿಯ ಭಾಗವೇ ನನ್ನನ್ನು ಜಾಸ್ತಿ ಕಾಡಿದ್ದು. ಅಪಘಾತ ಆಗಿದ್ದು 1986ರ ಏಪ್ರಿಲ್ 26ರ ನಸುಕಿನಲ್ಲಿ. ಸ್ವೀಡನ್ನಿನ ಒಂದು ಅಣು ಸ್ಥಾವರದಲ್ಲಿ 28ರಂದು ವಿಕಿರಣ ಪತ್ತೆಯಾಯಿತು, ಅವತ್ತು ರಾತ್ರಿ ಸೋವಿಯತ್ ಟಿವಿ ಕೆಲವೇ ವಾಕ್ಯಗಳಲ್ಲಿ ವಿಷಯ ಹೇಳಿ ಮುಗಿಸಿತು. ಅಷ್ಟರಲ್ಲಿ ಸ್ಥಾವರದ ಪಕ್ಕದ ಪ್ರಿಪ್ಯಾತ್ ಊರನ್ನೇ ಖಾಲಿ ಮಾಡಿಸಿ ಒಂದು ದಿನ ಕಳೆದಿತ್ತು! ಊರು ಬಿಟ್ಟವರ ಪಾಡು ಪುಸ್ತಕದಲ್ಲಿ ಓದಿದ್ದೆನಲ್ಲ, ಆ ಕೆಲವು ವಾಕ್ಯ ನೆನೆದರೆ ಸಿಟ್ಟು ಬರುತ್ತದೆ.

ಇವತ್ತಿನ ಸುದ್ದಿಗೆ ಬಂದರೆ, ವಿಕಿರಣ ಹೊರಬರದಂತೆ ರಿಯಾಕ್ಟರ್ ಮೇಲೆ 2016ರಲ್ಲಿ ಸರಿಸಿ ನಿಲ್ಲಿಸಿದ ದೊಡ್ಡ ಕಮಾನಿಗೆ 2025ರ ಫೆಬ್ರುವರಿಯಲ್ಲಿ ಡ್ರೋನ್ ಬಡಿಯಿತು. ನೂರು ವರ್ಷ ಬಾಳಲಿ ಅಂತ ಕಟ್ಟಿದ್ದು. ಚಾವಣಿ ತೂತಾಗಿ ಅದರ ಪದರಗಳು ವಾರಗಟ್ಟಲೆ ಒಳಗೊಳಗೇ ಉರಿದವು. ಈ ಸುದ್ದಿ ಬಂದಾಗ ಸುಮ್ನೆ ತಲೆಬರಹ ಓದಿ ಮುಂದೆ ಹೋಗಿದ್ದೆ, ಈಗ ಹಳೆಯ ವರದಿಗಳನ್ನೆಲ್ಲ ಹುಡುಕಿ ಓದುತ್ತಿದ್ದೇನೆ. ಅದು ಮುಗಿದರೆ ಚೆರ್ನೋಬಿಲ್ ಮುಗಿದ ಹಾಗೆ.

ಮುಂದಿನ ಸಲ ಪುಸ್ತಕ ಮೊದಲು, ಟಿವಿ ಕೊನೆಗೆ. ಮೊದಲೇ ನೋಡಿಬಿಟ್ಟರೆ ಓದುವಾಗ ನಟರ ಮುಖವೇ ಕಣ್ಣಮುಂದೆ ಬರುತ್ತದೆ. ವಿಷಯ 1969ರ ಚಂದ್ರಯಾನ, ಅಪೊಲೊ 11. ಪುಸ್ತಕ ಮೈಕಲ್ ಕಾಲಿನ್ಸ್ ಅವರದ್ದು. ಜಗತ್ತೆಲ್ಲ ಟಿವಿ ಮುಂದೆ ಕೂತಿದ್ದಾಗ ಅವರು ಚಂದ್ರನನ್ನು ಒಬ್ಬರೇ ಸುತ್ತುತ್ತಿದ್ದರು, ಆ ನೇರಪ್ರಸಾರ ನೋಡಲು ಅವರಿಗೆ ಆಗಲೇ ಇಲ್ಲ. ಶುರು ಮಾಡಲು ಅವರಿಗಿಂತ ಒಳ್ಳೆಯವರು ಬೇಕಾ?